ಕೃತ್ತಿಕೆ ಮಸುಕಾದ ವರ್ಷ

ಮೇ ೪

ನಿನ್ನೆ ಶಿಲುಬೆ ಹಬ್ಬ. ಹಬ್ಬದೂಟ ಮುಗಿದ ಮೇಲೆ ಊರ ಸಭೆ. ಸಭೆಯಲ್ಲಿ ನನಗೆ ಅವಮಾನವಾಯಿತು. ಅದನ್ನು ಬರೆದು ಮುಗಿಸದೆ ಬೇರೆ ಕೆಲಸಕ್ಕೆ ಕೈ ಹೋಗುವುದಿಲ್ಲ.

ಕೃತ್ತಿಕೆ ನೋಡುವ ಕೆಲಸ ನಮ್ಮ ಮನೆತನದ್ದು. ಅಪ್ಪ ನೋಡುತ್ತಿದ್ದರು, ಅವರು ಹೋದ ಮೇಲೆ ನಾನು. ಈಗ ಕೃತ್ತಿಕೆ ಸೂರ್ಯನ ಮಗ್ಗುಲಿಗೆ ಹೋಗಿ ಅಡಗಿದೆ. ಜೂನ್ ತಿಂಗಳಲ್ಲಿ ಒಂದು ಬೆಳಗಿನ ಜಾವ ಮತ್ತೆ ಮೂಡುತ್ತದೆ. ಆಗ ಫಳಫಳ ಹೊಳೆದರೆ ಮಳೆ ಹೊತ್ತಿಗೆ ಸರಿಯಾಗಿ ಬರುತ್ತದೆ, ಸೆಪ್ಟೆಂಬರಿನಲ್ಲಿ ಆಲೂಗಡ್ಡೆ ಬಿತ್ತಬಹುದು. ಮಸುಕಾಗಿದ್ದರೆ ಮಳೆ ತಡ, ಬಿತ್ತನೆಯೂ ತಡ. ಜೂನ್ ೨೪ರ ಸಾನ್ ಹುವಾನ್ ಹಬ್ಬದ ಬೆಳಗ್ಗೆ ದಿಬ್ಬದ ಮೇಲೆ ನಿಂತು ನಾನು ಆಡುವ ಒಂದು ಮಾತಿಗೆ ಇಡೀ ನಮ್ಮೂರು ಕುಸಿಪಾತಾ ಕಾದಿರುತ್ತದೆ.

ನಿನ್ನೆ ಸಭೆಯಲ್ಲಿ ಆ ಬಸ್ಸಿನವನು ಎದ್ದು ನಿಂತ. ತೋರಿಬಿಯೊ. ಕರಾವಳಿಯಲ್ಲಿ ಬಹಳ ವರ್ಷ ಬಸ್ಸು ಓಡಿಸಿ, ಹೆಂಡತಿ ತೀರಿಕೊಂಡ ಮೇಲೆ ಊರಿಗೆ ವಾಪಸು ಬಂದಿದ್ದಾನೆ. ಮೂಗಿನ ಮೇಲೆ ಬಾಟಲಿ ತಳದಂಥ ಕನ್ನಡಕ.

"ಅಪ್ಪನಿಂದ ಮಗಳಿಗೆ ಬರೋಕೆ ನಕ್ಷತ್ರ ಏನು ಅಡುಗೆ ಮಡಕೇನಾ?" ಅಂದ. "ಇನ್ನೊಬ್ರೂ ನೋಡ್ಲಿ. ಒಂದೇ ಜೊತೆ ಕಣ್ಣು ನಂಬ್ಕೊಂಡು ಇಡೀ ಊರು ಬಿತ್ತನೆ ಮಾಡೋದಾ?"

"ಎರಡು ಜೊತೆ ಕಣ್ಣು ನಿನ್ನೊಬ್ಬನ ಮುಖದ ಮೇಲೇ ಇದೆಯಲ್ಲಪ್ಪ," ಅಂದೆ. ಜನ ನಕ್ಕರು.

ನಕ್ಕರೇ ವಿನಾ ನನ್ನ ಪರ ಯಾರೂ ಮಾತಾಡಲಿಲ್ಲ. ಊರ ಯಜಮಾನ ಮೆಲ್ಚೋರ್ ಭಾವ ಬೆಳ್ಳಿಯ ಕಟ್ಟು ಹಾಕಿದ ಕೋಲು ನೆಲಕ್ಕೆ ಕುಟ್ಟಿ ತೀರ್ಪು ಕೊಟ್ಟರು. ಈ ವರ್ಷ ಇಬ್ಬರೂ ನೋಡುವುದು, ಮಾತು ಮಾತ್ರ ಟೀಚರಮ್ಮನದೇ, ಅಂದರೆ ನನ್ನದೇ. ಆ ಮಾತು ತಪ್ಪಾದರೆ ಬರುವ ವರ್ಷದಿಂದ ಕೆಲಸ ತೋರಿಬಿಯೊಗೆ.

ನನ್ನ ಮಾತು ತಪ್ಪಾಗುವುದಂತೆ!

ಮೇ ೧೧

ಶಾಲೆಗೆ ಹೋಗುವಾಗ ದಾರಿಯಲ್ಲಿ ಮೆಲ್ಚೋರ್ ಭಾವ ಸಿಕ್ಕರು. ಕಲ್ಲುಗೋಡೆಯ ಪಕ್ಕ ತಮ್ಮ ಕೆಂಪು ಕಂಬಳಿ ಹೊದ್ದು ನಿಂತಿದ್ದರು. ಇದೇ ಸಮಯವೆಂದು, ದಾರಿಯ ಈಚೆ ಬದಿಯಲ್ಲೇ ನಿಂತು ಶಾಲೆಯ ಮಾಡು ಸೋರುವ ವಿಷಯ, ಬಸ್ಸಿನವನ ಅಹಂಕಾರದ ವಿಷಯ ಎಲ್ಲವನ್ನೂ ಬಿಡಿಸಿ ಹೇಳಿದೆ. ಯಾವಾಗಲೂ ನಡುವೆ ಬಾಯಿ ಹಾಕುವ ಮನುಷ್ಯ ಇಂದು ಕತ್ತು ನೀಳವಾಗಿ ಚಾಚಿ, ಕೋಕಾ ಎಲೆ ಜಗಿಯುತ್ತ, ಕೊನೆಯವರೆಗೂ ಕೇಳಿಸಿಕೊಂಡರು. ಅಷ್ಟು ಗಾಂಭೀರ್ಯವನ್ನು ಅವರಲ್ಲಿ ನಾನು ಕಂಡೇ ಇರಲಿಲ್ಲ. ಆದರೆ ಕೊನೆಗೆ ನನ್ನ ಕಡೆಗೇ ಥೂ ಎಂದು ಉಗುಳಿ ಹೊರಟುಹೋದರು.

ಸಂಜೆ ಅವರ ಹೆಂಡತಿ ಅಸುಂತಾಗೆ ದೂರು ಹೇಳಿದೆ. ನನ್ನ ಬಾಲ್ಯದ ಗೆಳತಿ ಅವಳು.

"ಅವ್ರು ಬೆಳಗ್ಗೆಯಿಂದ ಪೇಟೇಲಿದಾರೆ ಕಣೇ," ಅಂದಳು. "ನಮ್ಮ ಉದ್ದ ಕತ್ತಿನ ಲಾಮಾ ಮೇಲೆ ಹೊರೆ ಹೇರಿ, ಕಂಬಳಿ ಹೊದಿಸಿ, ಗೋಡೆ ಹತ್ರ ಬಿಟ್ಟು ಹೋಗಿದ್ರು. ಅದು ಬಿಚ್ಚಿಕೊಂಡು ಊರೆಲ್ಲ ಸುತ್ತಾಡ್ಕೊಂಡು ಬಂತು."

ಪಾಪ, ಅಸುಂತಾಗೆ ಈ ವಯಸ್ಸಿಗೇ ಮರೆವು. ಗಂಡ ಎಲ್ಲಿದ್ದಾನೆಂಬುದೂ ಗೊತ್ತಿಲ್ಲ.

ಮೇ ೨೦

ಮಕ್ಕಳಿಗೆ ಕೃತ್ತಿಕೆಯ ಪಾಠ. ಮೇಜಿನ ಮೇಲೆ ಹಚ್ಚಿಟ್ಟ ದೀಪ ಸೂರ್ಯ, ಕೈಯಲ್ಲಿ ಹಿಡಿದ ಆಲೂಗಡ್ಡೆ ಭೂಮಿ, ಗೋಡೆಗೆ ಅಂಟಿಸಿದ ಏಳು ಗುಂಡಿಗಳು ಕೃತ್ತಿಕೆ. ಆಲೂಗಡ್ಡೆ ದೀಪವನ್ನು ಸುತ್ತುತ್ತದೆ. ಸುತ್ತುತ್ತ ಸುತ್ತುತ್ತ ಮೇ ತಿಂಗಳಿಗೆ ಬಂದಾಗ ಆಲೂಗಡ್ಡೆಗೂ ಗುಂಡಿಗಳಿಗೂ ನಡುವೆ ದೀಪ ಬಂದು ಕೂರುತ್ತದೆ. ಆಲೂಗಡ್ಡೆಯ ಮೇಲೆ ನಿಂತವರಿಗೆ ಉರಿ ಮಾತ್ರ ಕಾಣುತ್ತದೆ. ಇನ್ನಷ್ಟು ಮುಂದೆ ಸರಿದರೆ ಗುಂಡಿಗಳು ಉರಿಯ ಪಕ್ಕದಿಂದ ಇಣುಕುತ್ತವೆ, ಅದೇ ಜೂನ್. ಆಮೇಲೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಬೇಗ ಮೂಡುತ್ತ, ನವೆಂಬರಿನ ಹೊತ್ತಿಗೆ ಸೂರ್ಯ ಮುಳುಗುವಾಗಲೇ ಎದ್ದು ಇಡೀ ರಾತ್ರಿ ಕಾಣಿಸುತ್ತವೆ.

ಮುಂದಿನ ಸಾಲಿನ ಹುಡುಗಿ ಕೇಳಿದಳು, "ಹಂಗಾದ್ರೆ ಅದು ಎಲ್ಲೂ ಹೋಗಿರಲ್ಲ, ನಮಗೇ ಕಾಣ್ತಿರಲ್ಲ ಅಷ್ಟೇನಾ ಟೀಚರ್?"

"ಅಷ್ಟೇ," ಅಂದೆ. ಎಷ್ಟು ಚುರುಕು!

ಹಿಂದಿನ ಸಾಲಿನವರು ಹಾಗಿಲ್ಲ. ಒಬ್ಬ ಮೂಲೆಯಲ್ಲಿ ಗೋಡೆಗೆ ಒರಗಿ, ತಲೆ ತಗ್ಗಿಸಿ, ನಾಲ್ಕು ಸಲ ಕೇಳಿದರೂ ಉತ್ತರ ಕೊಡಲಿಲ್ಲ. "ಗಂಟೆ ಹೊಡೆಯೋವರೆಗೂ ಅಲ್ಲೇ ನಿಂತಿರು," ಎಂದು ಗದರಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಗಂಟೆ ಹೊಡೆದ ಮೇಲೆ ಹತ್ತಿರ ಹೋಗಿ ನೋಡಿದರೆ ಗೂಟಕ್ಕೆ ತೂಗುಹಾಕಿದ ಕಂಬಳಿ, ಮೇಲೊಂದು ಟೋಪಿ. ತುಂಟರು ನನಗೆಂದೇ ಹಾಗೆ ಸಿಂಗರಿಸಿಟ್ಟಿದ್ದಾರೆ.

ಜೂನ್ ೫

ಅಸುಂತಾ ಸೂಜಿ ತಂದಳು. "ಪೋಣಿಸಿ ಕೊಡೇ, ನಂಗೆ ಕಾಣಲ್ಲ." ಒಂದೇ ಸಲಕ್ಕೆ ಪೋಣಿಸಿದೆ. ಹೋದ ವರ್ಷ ನನಗೂ ಕಷ್ಟವಾಗುತ್ತಿತ್ತು, ಈಗ ಮೂಗಿನ ತುದಿಗೆ ಹಿಡಿದರೆ ಸೂಜಿಯ ಕಣ್ಣು ಬಾಗಿಲಷ್ಟು ದೊಡ್ಡದು. ಸುದ್ದಿ ಹಬ್ಬಿ ಊರ ಹೆಂಗಸರೆಲ್ಲ ಸೂಜಿ ಹಿಡಿದು ಬರುತ್ತಿದ್ದಾರೆ. ವಯಸ್ಸಾಗುತ್ತ ಕಣ್ಣು ಎಳೆಯದಾಗುವುದೂ ಉಂಟೆಂದು ಯಾರಿಗೆ ಗೊತ್ತಿತ್ತು! ಬಸ್ಸಿನವನು ಬಂದು ಕಲಿಯಬೇಕು.

ಈ ಸಲ ಗಾಳಿಯಲ್ಲಿ ಮಾತ್ರ ಧೂಳು ವಿಪರೀತ. ಹಿಮದ ಬೆಟ್ಟ ಬಿಳಿ ಹಿಟ್ಟಿನ ಮುದ್ದೆಯ ಹಾಗಿದೆ.

ಜೂನ್ ೧೬

ಬೆಳಗಿನ ಜಾವ ದಿಬ್ಬಕ್ಕೆ ಹೋದೆವು, ನಾನು ಮತ್ತು ಬಸ್ಸಿನವನು. ಮೂಗು ಕಿತ್ತುಹೋಗುವ ಚಳಿ. ಕೃತ್ತಿಕೆ ಮೂಡಿತು. ಮೂಡಿತು ಎನ್ನುವುದಕ್ಕೂ ಸಂಕೋಚ. ಕನ್ನಡಿಯ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ ಒಂದು ಮಂಕು ಕಲೆ, ಅಷ್ಟೆ. ನನ್ನ ಜನ್ಮದಲ್ಲಿ ಇಷ್ಟು ಮಸುಕು ಕಂಡಿಲ್ಲ.

"ಏನು ಉರೀತಾವೆ ಟೀಚರಮ್ಮ!" ಅಂದ ಅವನು. "ದೀಪದ ಸಾಲೇ ಕಟ್ಟಿದಂಗಿದೆ!"

"ನಿನ್ನ ಕನ್ನಡಕದ ಗೀರುಗಳು ಹೊಳೀತಿರಬೇಕು."

"ಗೀರು ಗುಂಪಾಗಿ ಆಕಾಶದಲ್ಲೇ ಕೂತಿರ್ತಾವಾ?"

ನಗರದಿಂದ ಹವಾಮಾನದವರು ಒಮ್ಮೆ ಬಂದಾಗ ಹೇಳಿದ್ದು ನೆನಪಾಯಿತು. ಮಳೆ ಕೈಕೊಡುವ ವರ್ಷಗಳಲ್ಲಿ ತೀರ ಎತ್ತರದಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಮೋಡ ಹರಡಿರುತ್ತದೆ, ಅದಕ್ಕೇ ಕೃತ್ತಿಕೆ ಮಂಕಾಗಿ ಕಾಣುತ್ತದೆ ಎಂದಿದ್ದರು. ಅಪ್ಪನ ಮಾತು ಸುಳ್ಳಲ್ಲ. ಈ ವರ್ಷ ಆ ಮೋಡ ಕಂಬಳಿಯಷ್ಟು ದಪ್ಪವಾಗಿರಬೇಕು.

ಇಳಿಯುವಾಗ ಕಲ್ಲಿದೆ ಎಂದು ತಿಳಿದು ಕಾಲಿಟ್ಟಲ್ಲಿ ಕಲ್ಲಿರಲಿಲ್ಲ. ಬಸ್ಸಿನವನು ತೋಳು ಹಿಡಿದ. ಬೇಡವೆಂದೆ. ಕೆಳಗಿನವರೆಗೂ ಬಿಡಲಿಲ್ಲ.

ಜೂನ್ ೨೪, ಸಾನ್ ಹುವಾನ್

ಊರೇ ದಿಬ್ಬದ ಮೇಲಿತ್ತು. ರಾತ್ರಿಯ ಹುಲ್ಲಿನ ಬೆಂಕಿ ಇನ್ನೂ ಹೊಗೆಯಾಡುತ್ತಿತ್ತು. ನಾನು ಕೊನೆಯ ಸಲ ನೋಡಿ, "ಮಸುಕು," ಅಂದೆ.

"ಮಸುಕೇ," ಎಂದರು ಮೆಲ್ಚೋರ್ ಭಾವ, ಕಣ್ಣಿನ ಮೇಲಿದ್ದ ಟೋಪಿಯನ್ನು ಮೇಲಕ್ಕೆ ಸರಿಸುವ ಮೊದಲೇ.

"ನಂಗಂತೂ ಇದ್ಯೋ ಇಲ್ವೋ ಅನ್ನೋ ಹಾಗೆ ಕಾಣ್ತು," ಎಂದ ಅವರ ತಮ್ಮ.

"ನಂಗೆ ಇಲ್ವೇ ಇಲ್ಲ," ಎಂದ ಇನ್ನೊಬ್ಬ, ಹಿಂದೆ ಬೀಳಬಾರದೆಂದು. ಒಬ್ಬ ಅಜ್ಜ ಪಡುವಣಕ್ಕೆ ಮುಖ ಮಾಡಿ ನಿಂತು, "ಅಯ್ಯೋ, ಎಂಥಾ ಮಸುಕು!" ಎಂದು ಎದೆಯ ಮೇಲೆ ಶಿಲುಬೆ ಬರೆದುಕೊಂಡ.

"ರೀ, ಒಂದ್ಸಲ ತಲೆ ಎತ್ತಿ ನೋಡ್ರೀ!" ಬಸ್ಸಿನವನು ಕೂಗಿದ. "ಕಣ್ಣು ಕುಕ್ಕುತ್ತಿದೆ!"

"ಎದುರಿಂದ ಬರೋ ಲಾರಿ ದೀಪ ನೋಡಿ ನೋಡಿ ಅಭ್ಯಾಸ ಆಗೋಗಿದೆ ನಿಂಗೆ," ಎಂದರು ಭಾವ. ಊರು ಘೊಳ್ಳೆಂದಿತು. ಬಿತ್ತನೆ ನವೆಂಬರಿಗೆ ಎಂದು ಅಲ್ಲೇ ನಿಶ್ಚಯವಾಯಿತು.

ಗೆದ್ದೆ. ಮನೆಗೆ ಬಂದು ಹೊಟ್ಟೆ ತುಂಬ ಗಂಜಿ ಕುಡಿದೆ.

ಜುಲೈ ೨

ಚುನ್ಯೊ, ಅಂದರೆ ಒಣ ಆಲೂಗಡ್ಡೆ, ಮಾಡುವ ಕಾಲ. ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿದ ಆಲೂಗಡ್ಡೆಯನ್ನು ಬೆಳಗಿನ ಬಿಸಿಲಲ್ಲಿ ಬರಿಗಾಲಲ್ಲಿ ತುಳಿದು ನೀರು ಹಿಂಡಬೇಕು. ಬೆಳಗಿನಿಂದ ಮಧ್ಯಾಹ್ನದವರೆಗೆ ಕುಣಿದು ಕುಣಿದು ತುಳಿದೆ. ಬಸ್ಸಿನವನು ಪಕ್ಕದಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದ, ಕೊನೆಗೆ ಒಂದು ಉಂಡೆ ಗಿಣ್ಣು ತಂದು ಕೊಟ್ಟ. ಆಮೇಲೆ ಹೋಗಿ ಆಚೆಗಿದ್ದ ರಾಶಿಯನ್ನು ತುಳಿಯತೊಡಗಿದ.

"ಅದು ನಿನ್ ರಾಶಿ ಕಣೇ, ನೀನು ತುಳಿದಿದ್ದು ಅವನದು," ಎಂದಳು ಅಸುಂತಾ.

ತನ್ನ ರಾಶಿ ತನಗೇ ಗುರುತಾಗಲಿಲ್ಲ ನೋಡು ಅವನಿಗೆ! ಇಂಥವನು ನಕ್ಷತ್ರ ನೋಡುತ್ತಾನಂತೆ. ಗಿಣ್ಣು ಚೆನ್ನಾಗಿತ್ತು.

ಆಗಸ್ಟ್ ೧

ಇಂದು ಭೂತಾಯಿ ಬಾಯಿ ತೆರೆಯುವ ದಿನ. ಹೊಲದಲ್ಲಿ ಗುಂಡಿ ತೋಡಿ ಅವಳಿಗೆ ಉಣಿಸುತ್ತೇವೆ. ಮೊದಲ ಮೆಕ್ಕೆಜೋಳದ ಹೆಂಡ ಸುರಿಯುವ ಗೌರವ ನನ್ನದು. ತುಂಬಿದ ಕೊಡ ಎತ್ತಿಕೊಂಡು ಮುಂದೆ ಬಂದೆ. ಕಪ್ಪಗೆ, ದುಂಡಗೆ ಗುಂಡಿ ಕಂಡಿತು. "ತಾಯೇ, ಕುಡಿ, ತಣಿ, ನಮ್ಮ ಮೇಲೆ ಮುನಿಯಬೇಡ," ಎಂದು ಪೂರ್ತಿ ಕೊಡ ಬಗ್ಗಿಸಿದೆ.

ಆಗ ಬಸ್ಸಿನವನ ದನಿ, "ಟೀಚರಮ್ಮ, ತಾಯಿ ಬಾಯಿ ಇನ್ನೂ ಸ್ವಲ್ಪ ಮುಂದಿದೆ. ಇದು ನನ್ ಟೋಪಿ."

ಅಂಗಾತ ಇಟ್ಟಿದ್ದ ಅವನ ಕಂದು ಟೋಪಿ ಅಂಚಿನವರೆಗೂ ತುಂಬಿ ನೊರೆಯಾಡುತ್ತಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ, ತಾಯಿಗೆ ಅರ್ಧ ಸುರಿದು, ಉಳಿದದ್ದನ್ನು ತಾನೇ ಕುಡಿದು, ಟೋಪಿ ತಲೆಗಿಟ್ಟುಕೊಂಡ. ಕಿವಿಯಿಂದ ಹೆಂಡ ತೊಟ್ಟಿಕ್ಕುತ್ತಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಜನ ಚದುರಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಒಂದ್ನಿಮಿಷ ಇದನ್ನ ಹಾಕ್ಕೊಂಡು ನೋಡಿ. ಬೈಯೋದಿದ್ರೆ ಆಮೇಲೆ ಬೈಯಿರಿ." ತನ್ನ ಕನ್ನಡಕ ತೆಗೆದು ನನ್ನ ಮೂಗಿನ ಮೇಲಿಟ್ಟ.

ಹಿಮದ ಬೆಟ್ಟಕ್ಕೆ ಬಿರುಕುಗಳಿವೆ. ಆಚೆ ಇಳಿಜಾರಿನಲ್ಲಿ ಒಂದೊಂದು ಕುರಿಗೂ ನಾಲ್ಕು ಕಾಲು. ಗೋಡೆಯ ಹತ್ತಿರ ಮೆಲ್ಚೋರ್ ಭಾವ ನಿಂತಿದ್ದಾರೆ ಎಂದುಕೊಂಡಿದ್ದು ಲಾಮಾ.

ಆಗಸ್ಟ್ ೨

ಕನ್ನಡಕ ಹಾಕಿಕೊಂಡು ಜಾವದಲ್ಲಿ ಅಂಗಳಕ್ಕೆ ಬಂದೆ. ಕೃತ್ತಿಕೆ ಈಗ ಎತ್ತರಕ್ಕೆ ಏರಿದೆ. ಆರು ದೊಡ್ಡವು, ಏಳನೆಯದು, ಸುತ್ತ ಹಿಟ್ಟು ಚೆಲ್ಲಿದ ಹಾಗೆ ಸಣ್ಣವು. ಕನ್ನಡಕ ತೆಗೆದೆ. ಕನ್ನಡಿಯ ಮೇಲೆ ಉಸಿರು. ಹಾಕಿದೆ, ತೆಗೆದೆ, ಹಾಕಿದೆ.

ಮೋಡವಿರಲಿಲ್ಲ. ಧೂಳೂ ಇರಲಿಲ್ಲ.

ಆಗಸ್ಟ್ ೬

ಯಾರಿಗೂ ಹೇಳದೆ ಇದ್ದರೆ? ನವೆಂಬರಿನಲ್ಲಿ ಬಿತ್ತುತ್ತಾರೆ. ಮಳೆ ಬೇಗ ಬಂದು ಬೇಗ ಹೋಗುತ್ತದೆ. ಗಡ್ಡೆ ಬಲಿಯುವ ಮೊದಲೇ ಹಿಮ ಬಿದ್ದು ಹೊಲವೆಲ್ಲ ಕರ್ರಗಾಗುತ್ತದೆ. ಮುಂದಿನ ವರ್ಷ ಈ ಮಕ್ಕಳು ಏನು ತಿನ್ನುತ್ತಾರೆ?

ಹೇಳಿದರೆ ಅಪ್ಪನ ಕೆಲಸ ನಮ್ಮ ಮನೆಯಿಂದ ಹೋಗುತ್ತದೆ, ನನ್ನ ಕೈಯಲ್ಲೇ.

ನಿನ್ನೆ ತೋರಿಬಿಯೊಗೆ ಕನ್ನಡಕ ಹಿಂದಿರುಗಿಸಲು ಹೋದೆ. "ಇಟ್ಕೊಳ್ಳಿ, ನನ್ ಹತ್ರ ಇನ್ನೊಂದಿದೆ," ಎಂದರು. ಆ ಇನ್ನೊಂದಕ್ಕೆ ಒಂದು ಕಿವಿಯ ಕಡ್ಡಿಯಿಲ್ಲ, ತಂತಿ ಸುತ್ತಿದೆ. ಮನುಷ್ಯರಿಗೆ ತಮ್ಮ ವಸ್ತುಗಳ ಬಗ್ಗೆ ಸ್ವಲ್ಪ ಕಾಳಜಿ ಇರಬೇಕು. ನಾನು ಯಾರಿಗಾದರೂ ಹೇಳಬೇಕೆಂದು ಅವರು ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಆಗಸ್ಟ್ ೧೦

ಹೇಳಿದೆ. ಸಭೆ ಸೇರಿಸಿ, ನಿಂತು, "ನನ್ನ ಕಣ್ಣು ಮಂಜಾಗಿದೆ, ಕೃತ್ತಿಕೆ ಮಸುಕಾಗಿರಲಿಲ್ಲ, ಸೆಪ್ಟೆಂಬರಿನಲ್ಲೇ ಬಿತ್ತಬೇಕು," ಅಂದೆ. ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ.

"ಛೆ, ಮಸುಕಾಗೇ ಇತ್ತು," ಎಂದರು ಮೆಲ್ಚೋರ್ ಭಾವ.

"ಇಲ್ಲ ಭಾವ, ನಂಗೆ ಕಣ್ಣು ಕಾಣ್ತಿರಲಿಲ್ಲ."

"ನಿಂಗೆ ಕಾಣದಿದ್ರೆ ಬಿಡಮ್ಮ. ನಾನು ನನ್ ಕಣ್ಣಾರೆ ನೋಡಿದೀನಿ!"

"ನಾನೂ!" "ನಾನೂ!" ಎಲ್ಲರೂ ಎದ್ದು ನಿಂತರು. ಪಡುವಣ ನೋಡುತ್ತಿದ್ದ ಅಜ್ಜ, ಬೇಕಾದರೆ ಆಣೆ ಮಾಡುತ್ತೇನೆಂದ. ಮಸುಕಾಗಿರಲಿಲ್ಲ ಎಂದರೆ ಅಷ್ಟೂ ಜನ ನೋಡದೆಯೇ ನೋಡಿದೆವೆಂದ ಹಾಗಾಗುತ್ತದಲ್ಲ! ಹತಾಶಳಾಗಿ ಕನ್ನಡಕ ತೆಗೆದು ಭಾವನ ಕೈಗಿತ್ತೆ, "ಇದರಲ್ಲಿ ನೋಡಿ, ವ್ಯತ್ಯಾಸ ಗೊತ್ತಾಗುತ್ತೆ," ಎಂದು. ಭಾವನಿಗೆ ಹದ್ದಿನ ಕಣ್ಣು, ಕನ್ನಡಕ ಅವರಿಗೆ ಒಗ್ಗುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಹಾಕಿಕೊಂಡು ಅಸುಂತಾಳನ್ನು ನೋಡಿ ಚೀರಿದರು. "ಅಯ್ಯಯ್ಯೋ, ನನ್ ಹೆಂಡ್ತಿ ಮುಖದಲ್ಲಿ ಒಂದು ಸುಕ್ಕೂ ಇಲ್ಲ! ಇಂಥಾ ಸುಳ್ಳು ಗಾಜು ನಂಬ್ಕೊಂಡು ಆಲೂಗಡ್ಡೆ ಬಿತ್ತೋಕಾಗುತ್ತಾ?"

ಅಸುಂತಾಳ ನೂಲಿನ ಉಂಡೆ ಅವರ ಕಿವಿಗೆ ಬಡಿಯಿತು. ಸಭೆ ಮುಗಿಯಿತು. ಬಿತ್ತನೆ ನವೆಂಬರಿಗೇ.

ತೋರಿಬಿಯೊ ಮನೆಯವರೆಗೂ ಬಂದು ಬಿಟ್ಟು ಹೋದರು. ದಾರಿಯಲ್ಲಿ, "ಧೈರ್ಯ ಬೇಕು ನಿಕಾಸಿಯಾ," ಎಂದರು. ಹೆಸರು ಹಿಡಿದು ಕರೆದದ್ದಕ್ಕೆ ಆಕ್ಷೇಪಿಸಬೇಕಿತ್ತು. ಮರೆತೆ.

ಆಗಸ್ಟ್ ೧೩

ಅಸುಂತಾ ಬಂದಿದ್ದಳು. ಇನ್ನೂ ಗಂಡನ ಮೇಲೆ ಸಿಟ್ಟು.

"ಅವ್ರಿಗೆಲ್ಲ ಗೊತ್ತು ಕಣೇ, ಯಾರೂ ನೆಟ್ಟಗೆ ನೋಡ್ಲಿಲ್ಲ ಅಂತ. ನನ್ ಗಂಡ ಈ ಮೂರು ದಿನದಿಂದ ಜಾವದಲ್ಲಿ ಕದ್ದು ಅಂಗಳಕ್ಕೆ ಹೋಗಿ ನೋಡ್ತಾನೆ, ಒಳಗೆ ಬಂದು ನಿಟ್ಟುಸಿರು ಬಿಡ್ತಾನೆ. ಆದ್ರೆ ಸುಳ್ಳು ಹೇಳ್ದೆ ಅಂತ ಒಪ್ಕೋ ಅಂದ್ರೆ ಯಾವ ಗಂಡಸು ಒಪ್ತಾನೆ? ಹಿಂದಕ್ಕೆ ಬರೋಕೆ ಒಂದು ಬಾಗಿಲು ಮಾಡಿಕೊಡು ಅವ್ರಿಗೆ."

"ಎಂಥ ಬಾಗಿಲು?"

"ಓದಿದೋಳು ನೀನು. ನನ್ನ ಕೇಳ್ತೀಯಲ್ಲ!"

ಆಗಸ್ಟ್ ೧೭

ಮತ್ತೆ ಸಭೆ. ಈ ಸಲ ಕಣ್ಣಿನ ಮಾತೇ ಎತ್ತದೆ ಅಪ್ಪನ ಮಾತು ಎತ್ತಿದೆ.

"ಅಪ್ಪ ಒಂದು ಗುಟ್ಟು ಹೇಳಿದ್ರು. ಸಾನ್ ಹುವಾನ್ ದಿನ ಬೆಳಗಿನ ಜಾವ ಇಡೀ ಊರಿನ ಕಣ್ಣು ಬಂದು ನೋಡುವವರ ಕಣ್ಣಲ್ಲಿ ಕೂರುತ್ತಂತೆ. ನೋಡುವವರಿಗೆ ಹೇಗೆ ಕಾಣುತ್ತೋ ಊರಿಗೂ ಹಾಗೇ ಕಾಣುತ್ತಂತೆ. ನನ್ನ ಕಣ್ಣು ಮಂಜಾಗಿತ್ತು. ಅದಕ್ಕೇ ನಿಮಗೂ ಮಸುಕಾಗಿ ಕಂಡಿದ್ದು. ನೀವು ನೋಡಿದ್ದು ಸುಳ್ಳಲ್ಲ. ತಪ್ಪು ನನ್ನದೊಬ್ಬಳದೇ."

ಅಪ್ಪ ಹಾಗೆ ಹೇಳಿರಲಿಲ್ಲ. ಬದುಕಿದ್ದಿದ್ದರೆ ಹೇಳುತ್ತಿದ್ದರೆಂದು ನನ್ನ ನಂಬಿಕೆ.

ಸಭೆಯೆಲ್ಲ ಒಟ್ಟಿಗೆ ಉಸಿರು ಬಿಟ್ಟಿತು. "ಅದಕ್ಕೇ ಮತ್ತೆ!" ಎಂದರು ಮೆಲ್ಚೋರ್ ಭಾವ. "ನಾನೂ ಅಂದ್ಕೊಂಡೆ, ಇಷ್ಟು ಒಳ್ಳೇ ಕಣ್ಣಿಟ್ಕೊಂಡು ನಂಗ್ಯಾಕಪ್ಪಾ ಹೀಗೆ ಕಾಣ್ತಿದೆ ಅಂತ!" ಎಲ್ಲರೂ ಅದನ್ನೇ ಅಂದುಕೊಂಡಿದ್ದರಂತೆ. ಪಡುವಣದ ಅಜ್ಜ ನನ್ನ ತಲೆ ನೇವರಿಸಿ ಕ್ಷಮಿಸಿದ.

ಆದರೆ ತೋರಿಬಿಯೊಗೆ ಮಾತ್ರ ಹೊಳೆಯುತ್ತಾ ಕಂಡದ್ದು ಹೇಗೆಂದು ಒಬ್ಬ ಕೇಳಿಬಿಟ್ಟ.

"ಬಹಳ ವರ್ಷ ಊರಲ್ಲಿರಲಿಲ್ವಲ್ಲಪ್ಪ," ಎಂದರು ತೋರಿಬಿಯೊ. "ನನ್ ಕಣ್ಣಿಗಿನ್ನೂ ದಾರಿ ಗೊತ್ತಾಗಿಲ್ಲ." ಎಲ್ಲರಿಗೂ ಅದು ಸರಿಯೆನಿಸಿತು.

ಬಿತ್ತನೆ ಸೆಪ್ಟೆಂಬರಿಗೆ. ಒಪ್ಪಂದದಂತೆ ಕೆಲಸ ಬಿಟ್ಟುಕೊಡುತ್ತೇನೆಂದು ನಾನೇ ಹೇಳಿದೆ. ಭಾವ ಕೋಲು ಕುಟ್ಟಿ ತೋರಿಬಿಯೊನನ್ನು ಕರೆದರು.

"ನಾನು ನೋಡ್ತೀನಿ," ಎಂದರು ಅವರು. "ಆದ್ರೆ ನಾನು ಹೇಳಿದ್ರೆ ನೀವ್ಯಾರೂ ಕೇಳಲ್ಲ, ಜೂನಲ್ಲೇ ಗೊತ್ತಾಯ್ತಲ್ಲ. ನಾನು ನೋಡಿ ಇವ್ರ ಕಿವೀಲಿ ಹೇಳ್ತೀನಿ. ಇವ್ರು ನಿಮಗೆ ಹೇಳ್ಲಿ."

"ಕಿವೀಲಿ ಅಂದ್ರೆ ಎಷ್ಟು ಹತ್ರ ನಿಂತ್ಕೊಂಡು?" ಎಂದು ಹಿಂದಿನಿಂದ ಅಸುಂತಾಳ ದನಿ. ಅವಳಿಗೆ ಎಲ್ಲಿ ಏನು ಕೇಳಬೇಕೆಂಬ ಪರಿಜ್ಞಾನವೇ ಇಲ್ಲ.

ಸೆಪ್ಟೆಂಬರ್ ೧೮

ಬಿತ್ತಿದೆವು. ಸೊಂಟ ಬಿದ್ದುಹೋಗಿದೆ.

ಅಕ್ಟೋಬರ್ ೨೧

ಮಳೆ! ಮಧ್ಯಾಹ್ನ ಶಾಲೆಯಲ್ಲಿ ಲೆಕ್ಕದ ಪಾಠ ನಡೆಯುವಾಗ ಮೊದಲ ಹನಿ ಮಾಡಿನಿಂದ ನೇರ ನನ್ನ ತಲೆಯ ಮೇಲೆ ಬಿತ್ತು. ಮಕ್ಕಳನ್ನೆಲ್ಲ ಬಿಟ್ಟುಬಿಟ್ಟೆ. ಊರಿಗೆ ಊರೇ ಹೊಲದ ಬದುವಿನಲ್ಲಿ ನೆನೆಯುತ್ತ ನಿಂತಿತ್ತು. ಸಾಲುಸಾಲಿಗೂ ಮೊಳಕೆ ನೆಲ ಸೀಳಿ ಬಂದಿದೆ. ಕನ್ನಡಕ ಒರೆಸಿಕೊಂಡು ಒರೆಸಿಕೊಂಡು ನೋಡಿದೆ.

ಮೆಲ್ಚೋರ್ ಭಾವ ನೀರು ಸುರಿಯುವ ಟೋಪಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. "ನಾನು ಜೂನಲ್ಲೇ ಹೇಳಿದ್ನಲ್ಲ! ದಿಬ್ಬದ ಮೇಲೆ! ಹೆಂಗೆ ಉರೀತಿದ್ವು ಅವು, ಹೆಂಗೆ ಉರೀತಿದ್ವು!"

"ನಂಗಂತೂ ಕಣ್ಣು ಬಿಡೋಕೇ ಆಗ್ಲಿಲ್ಲ," ಎಂದ ಅವರ ತಮ್ಮ. ಅಜ್ಜನಿಗೆ ಪಡುವಣದಲ್ಲೂ ಬೆಳಕು ಕಂಡಿತ್ತಂತೆ. ಬಾಗಿಲು ಮಾಡಿಕೊಟ್ಟದ್ದಾಗಲಿ, ಎಲ್ಲರೂ ಅದರಲ್ಲಿ ನುಸುಳಿ ಬಂದದ್ದಾಗಲಿ ಒಬ್ಬರಿಗೂ ನೆನಪಿಲ್ಲ. ಆ ದಿನ ಕೃತ್ತಿಕೆ ಮಸುಕಾಗಿ ಕಂಡದ್ದು ಇಡೀ ಊರಿನಲ್ಲಿ ಟೀಚರಮ್ಮ ಒಬ್ಬಳಿಗೇ ಎಂದು ಮಳೆಯಲ್ಲೇ ತೀರ್ಮಾನವಾಯಿತು. ಎಲ್ಲರೂ ನನ್ನ ಕಡೆ ತಿರುಗಿ ಕನಿಕರದಿಂದ ತಲೆಯಾಡಿಸಿದರು.

"ನಂಗೂ ಸ್ವಲ್ಪ ಮಸುಕಾಗೇ ಕಂಡಿತ್ತು," ಎಂದರು ಇವರು, ನನ್ನ ಪಕ್ಕದಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ.

ಶುದ್ಧ ಸುಳ್ಳು. ಮನೆಗೆ ಬಂದ ಮೇಲೆ ವಿಚಾರಿಸಿಕೊಳ್ಳೋಣವೆಂದಿದ್ದೆ. ಬಟ್ಟೆ ಒಣಗಿಸುವುದು, ಬೆಂಕಿ ಮಾಡುವುದು, ಇಬ್ಬರಿಗೆ ಅಡುಗೆ, ಇದರಲ್ಲೇ ಹೊತ್ತು ಹೋಯಿತು.